ಊರಿಗೆ ಬಾರದ ಆಟ

2004ರ ಜೂನ್ 6ರ ರಾತ್ರಿ. ನ್ಯೂಯಾರ್ಕಿನ ರೇಡಿಯೊ ಸಿಟಿ ಸಭಾಂಗಣದಲ್ಲಿ ಟೋನಿ ಪ್ರಶಸ್ತಿ ಪ್ರದಾನ ಸಮಾರಂಭ. ಅಮೆರಿಕದ ರಂಗಭೂಮಿಯಲ್ಲಿ ಇದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ. ವರ್ಷದ ಅತ್ಯುತ್ತಮ ಸಂಗೀತ ನಾಟಕ ಯಾವುದೆಂಬ ಘೋಷಣೆಗೆ ಎಲ್ಲರೂ ಕಿವಿ ನಿಮಿರಿಸಿ ಕುಳಿತಿದ್ದರು. ಹೆಚ್ಚಿನವರ ಲೆಕ್ಕದಲ್ಲಿ ಅದು ‘ವಿಕೆಡ್’ ನಾಟಕಕ್ಕೆ ಮೀಸಲು. ಸುಮಾರು 1 ಕೋಟಿ 40 ಲಕ್ಷ ಡಾಲರ್ ಸುರಿದು ಕಟ್ಟಿದ ನಾಟಕ ಅದು. ಹತ್ತು ವಿಭಾಗಗಳಲ್ಲಿ ಸ್ಪರ್ಧೆಗೆ ನಿಂತಿತ್ತು. ಆದರೆ ಲಕೋಟೆ ಒಡೆದಾಗ ಹೊರಬಿದ್ದ ಹೆಸರು ‘ಅವೆನ್ಯೂ ಕ್ಯೂ’. ಅದರ ಬಂಡವಾಳ ಸುಮಾರು 35 ಲಕ್ಷ ಡಾಲರ್. ಅದರ ಮುಖ್ಯ ಪಾತ್ರಧಾರಿಗಳಲ್ಲಿ ಹಲವರು ಬಟ್ಟೆ, ಸ್ಪಂಜು, ತುಪ್ಪಳಗಳ ಗೊಂಬೆಗಳು!

ಆನೆಯೆದುರು ಇಲಿ ಗೆದ್ದರೆ ಯಾರಿಗೆ ಖುಷಿಯಾಗದು? ಅಭಿಮಾನಿಗಳು ಕುಣಿದಾಡಿದರು. ಆ ಕುಣಿತ ಹೆಚ್ಚು ದಿನ ಉಳಿಯಲಿಲ್ಲ. ಅದೇ ತಿಂಗಳಲ್ಲಿ ನಿರ್ಮಾಪಕರು ಒಂದು ಸುದ್ದಿ ಹೊರಹಾಕಿದರು: ‘ಅವೆನ್ಯೂ ಕ್ಯೂ’ ದೇಶದ ಊರೂರು ಸುತ್ತುವುದಿಲ್ಲ. ನ್ಯೂಯಾರ್ಕ್ ಬಿಟ್ಟರೆ ಅದು ಕಾಣಸಿಗುವುದು ಒಂದೇ ಒಂದು ಕಡೆ – ಜೂಜಿನ ನಗರಿ ಲಾಸ್ ವೇಗಸ್‌ನಲ್ಲಿ, ಸ್ಟೀವ್ ವಿನ್ ಎಂಬ ಉದ್ಯಮಿ ಕಟ್ಟಿಸುತ್ತಿದ್ದ ಹೊಸ ಐಷಾರಾಮಿ ಹೋಟೆಲಿನೊಳಗೆ.

ಅಂದಿನಿಂದ ಶುರುವಾದ ಚರ್ಚೆ ಅಮೆರಿಕದ ನಾಟಕಪ್ರಿಯರನ್ನು ಎರಡು ಪಂಗಡ ಮಾಡಿತು. ಒಂದು ನಾಟಕ ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ಎಂದು ತೀರ್ಮಾನಿಸುವ ಹಕ್ಕು ಯಾರದು? ಹಣ ಹೂಡಿದವನದೇ, ಮೆಚ್ಚಿದವನದೇ? ಮೇಲುನೋಟಕ್ಕೆ ಇದು ನಾಟಕದವರ ಮನೆಜಗಳ. ಒಳಹೊಕ್ಕು ನೋಡಿದರೆ, ಓದು ಮುಗಿಸಿ ಬದುಕಿನ ಮೊದಲ ದೊಡ್ಡ ತೀರ್ಮಾನಕ್ಕೆ ಸಜ್ಜಾಗುತ್ತಿರುವ ಹುಡುಗ ಹುಡುಗಿಯರಿಗೂ ಅವರ ತಂದೆತಾಯಿಗಳಿಗೂ ಇದರಲ್ಲಿ ಸಾಕಷ್ಟು ಸರಕಿದೆ.

ಪದವಿ ಪಡೆದ ಗೊಂಬೆ

ಮೊದಲು ನಾಟಕದ ಪರಿಚಯ. ‘ಅವೆನ್ಯೂ ಕ್ಯೂ’ ಹುಟ್ಟಿದ್ದು ಇಬ್ಬರು ತರುಣರ ತಲೆಯಲ್ಲಿ. ರಾಬರ್ಟ್ ಲೋಪೆಜ್ ಮತ್ತು ಜೆಫ್ ಮಾರ್ಕ್ಸ್ ನ್ಯೂಯಾರ್ಕಿನ ಒಂದು ಸಂಗೀತ ನಾಟಕ ಕಮ್ಮಟದಲ್ಲಿ ಭೇಟಿಯಾದವರು. ಅವರ ಬಾಲ್ಯವನ್ನು ಬೆಳಗಿದ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’. ಬಣ್ಣಬಣ್ಣದ ಗೊಂಬೆಗಳು ಅಕ್ಷರ, ಅಂಕಿ, ಒಳ್ಳೆಯ ನಡತೆ ಕಲಿಸುವ ಕಾರ್ಯಕ್ರಮವದು. ಪ್ರತಿ ಮಗುವೂ ವಿಶೇಷ ಎಂದು ಹೇಳುತ್ತಿತ್ತು. ಆ ಮಾತು ಕೇಳಿ ಬೆಳೆದ ಮಗು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪದವಿ ಹಿಡಿದು ಬೀದಿಗಿಳಿದಾಗ ಏನಾಗುತ್ತದೆ? ಇದೇ ನಾಟಕದ ಬೀಜ.

ಕಥಾನಾಯಕ ಪ್ರಿನ್ಸ್‌ಟನ್ ಒಂದು ಗೊಂಬೆ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮುಗಿಸಿದ್ದಾನೆ. ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ. ಒಳ್ಳೆಯ ಬಡಾವಣೆಗಳಲ್ಲಿ ಬಾಡಿಗೆ ಕೊಡಲಾರದೆ, ಊರಾಚೆಯ ‘ಅವೆನ್ಯೂ ಕ್ಯೂ’ ಎಂಬ ಕಾಲ್ಪನಿಕ ಬೀದಿಯಲ್ಲಿ ಕೋಣೆ ಹಿಡಿಯುತ್ತಾನೆ. ತನ್ನ ಬದುಕಿನ ಗುರಿ ಏನು ಎಂದು ಹುಡುಕುತ್ತಾನೆ. ನೆರೆಮನೆಯ ಕೇಟ್ ಶಿಶುವಿಹಾರದಲ್ಲಿ ಸಹಾಯಕ ಶಿಕ್ಷಕಿ. ತನ್ನದೇ ಒಂದು ಶಾಲೆ ತೆರೆಯಬೇಕೆಂಬುದು ಅವಳ ಕನಸು. ಗೊಂಬೆಯಾಡಿಸುವ ನಟರು ತೆರೆಯ ಹಿಂದೆ ಅಡಗಿ ನಿಲ್ಲುವುದಿಲ್ಲ. ಗೊಂಬೆಯನ್ನು ಕೈಯಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ರಂಗದ ಮೇಲೆಯೇ ನಡೆದಾಡುತ್ತಾರೆ, ಹಾಡುತ್ತಾರೆ. ಕೆಲವೇ ನಿಮಿಷಗಳಲ್ಲಿ ನೋಡುವವರ ಕಣ್ಣು ನಟನನ್ನು ಮರೆತು ಗೊಂಬೆಯ ಮೇಲೆ ನೆಡುತ್ತದೆ. ಗೊಂಬೆಗಳನ್ನು ರೂಪಿಸಿದ ರಿಕ್ ಲಿಯಾನ್ ‘ಸೆಸಮಿ ಸ್ಟ್ರೀಟ್’ನಲ್ಲಿ ದುಡಿದು ಬಂದವರು.

ಗೊಂಬೆಗಳಿದ್ದ ಮಾತ್ರಕ್ಕೆ ಇದು ಮಕ್ಕಳ ನಾಟಕವಲ್ಲ. ಮಾತು, ತಮಾಷೆ ಎರಡೂ ದೊಡ್ಡವರಿಗೆಂದೇ ಇರುವಂಥವು. ಹುಡುಗರಿಗೆ ಹಿಡಿಸಿದ್ದು ಅದರ ಪ್ರಾಮಾಣಿಕತೆ. ಪದವಿ ಬಂತು, ಮುಂದೇನು ಎಂಬ ಪ್ರಶ್ನೆಯನ್ನು ಉಪದೇಶವಿಲ್ಲದೆ, ನಗುನಗುತ್ತಾ ಕೇಳಿದ ನಾಟಕ ಅದು.

2003ರ ಮಾರ್ಚಿಯಲ್ಲಿ ವಿನ್‌ಯಾರ್ಡ್ ಎಂಬ ನೂರು ಚಿಲ್ಲರೆ ಆಸನಗಳ ಪುಟ್ಟ ರಂಗಮಂದಿರದಲ್ಲಿ ಅದು ಮೊದಲು ಜನರೆದುರು ಬಂತು. ಜುಲೈ 31ರಂದು ಬ್ರಾಡ್‌ವೇಯ ಜಾನ್ ಗೋಲ್ಡನ್ ರಂಗಮಂದಿರಕ್ಕೆ ಏರಿತು. ಅಲ್ಲಿಯೂ ಆಸನಗಳು ಸುಮಾರು 800 ಮಾತ್ರ. ಬ್ರಾಡ್‌ವೇಯ ಮಟ್ಟಿಗೆ ಅದು ಸಣ್ಣ ಮನೆಯೇ.

ತಿರುಗಾಟದ ಲೆಕ್ಕಾಚಾರ

ಯಕ್ಷಗಾನ ಮೇಳಗಳ ತಿರುಗಾಟ ಕಂಡವರಿಗೆ ಆಟ ಊರಿಗೆ ಬರುವುದೆಂದರೇನೆಂದು ವಿವರಿಸಬೇಕಿಲ್ಲ. ಅಮೆರಿಕದಲ್ಲಿಯೂ ಈ ಪದ್ಧತಿ ಹಳೆಯದು. ಅಲ್ಲಿನ ನಾಟಕದವರ ಬಾಯಲ್ಲಿ ಅದಕ್ಕೆ ‘ರೋಡ್’ ಎಂದೇ ಹೆಸರು. ನ್ಯೂಯಾರ್ಕಿನಲ್ಲಿ ಗೆದ್ದ ನಾಟಕದ ಇನ್ನೊಂದು ತಂಡ ಕಟ್ಟಿ, ರಂಗಸಜ್ಜಿಕೆಯನ್ನು ಲಾರಿಗಳಿಗೆ ಹೇರಿ, ಒಂದೊಂದು ನಗರದಲ್ಲಿ ಒಂದು ವಾರ, ಎರಡು ವಾರ ಆಡಿ ಮುಂದಿನೂರಿಗೆ ಹೊರಡುವುದು ರೂಢಿ.

ಪ್ರತಿ ನಗರದಲ್ಲಿಯೂ ಒಬ್ಬ ಸ್ಥಳೀಯ ಸಂಘಟಕ ಇರುತ್ತಾನೆ. ವಾರಕ್ಕೆ ಇಂತಿಷ್ಟು ಹಣ ಎಂದು ನಾಟಕದವರಿಗೆ ಖಾತರಿ ಕೊಡುವವನು ಅವನು. ಟಿಕೆಟ್ ಖರ್ಚಾಗದಿದ್ದರೆ ನಷ್ಟ ಅವನ ತಲೆಗೆ. ಈ ಅಪಾಯ ತಗ್ಗಿಸಿಕೊಳ್ಳಲು ಆತ ವರ್ಷದ ಐದಾರು ನಾಟಕಗಳನ್ನು ಒಟ್ಟುಗೂಡಿಸಿ ಮುಂಗಡ ಚಂದಾ ಮಾರುತ್ತಾನೆ. ಚಂದಾದಾರರ ಸಂಖ್ಯೆ ನಿಲ್ಲುವುದು ಆ ಪಟ್ಟಿಯ ಒಂದೆರಡು ಹೆಸರುಗಳ ಮೇಲೆ. ‘ಈ ಸಲ ಟೋನಿ ಗೆದ್ದ ನಾಟಕ ನಮ್ಮೂರಿಗೆ ಬರುತ್ತಿದೆ’ ಎಂಬ ಒಂದು ಸಾಲಿಗೆ ದೊಡ್ಡ ಬೆಲೆ. ಆ ಹೆಸರಿನ ಬಲದಿಂದಲೇ ಪಟ್ಟಿಯಲ್ಲಿರುವ ಅಪರಿಚಿತ ನಾಟಕಕ್ಕೂ ನಾಲ್ಕು ಜನ ಬಂದು ಕೂರುತ್ತಾರೆ.

ಇಲ್ಲಿಯೇ ಕಥೆಯ ಗಂಟು ಬೀಳುವುದು. ಟೋನಿ ಪ್ರಶಸ್ತಿಗೆ ಆಗ ಮತ ಹಾಕುತ್ತಿದ್ದವರು ಸುಮಾರು ಏಳುನೂರು ಮಂದಿ ರಂಗಭೂಮಿಯ ಒಳಗಿನವರು. ಅವರಲ್ಲಿ ಈ ಊರೂರ ಸಂಘಟಕರೂ ಗಣನೀಯ ಸಂಖ್ಯೆಯಲ್ಲಿದ್ದರು. 2004 ಅಮೆರಿಕದ ಅಧ್ಯಕ್ಷ ಚುನಾವಣೆಯ ವರ್ಷ. ‘ಅವೆನ್ಯೂ ಕ್ಯೂ’ ತಂಡ ಆ ಚುನಾವಣೆಯನ್ನೇ ಅಣಕಿಸುವ ಧಾಟಿಯಲ್ಲಿ, ಹೃದಯ ಹೇಳಿದಂತೆ ಮತ ಕೊಡಿ ಎಂಬ ಪ್ರಚಾರ ನಡೆಸಿತ್ತು. ಸಂಘಟಕರಲ್ಲಿ ಕೆಲವರು ಹಾಗೆಯೇ ಮತ ಕೊಟ್ಟರು. ಗೆದ್ದ ನಾಟಕ ಇಂದಲ್ಲ ನಾಳೆ ತಮ್ಮೂರಿಗೆ ಬಂದೇ ಬರುತ್ತದೆ ಎಂದು ನಂಬಿದ್ದರು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ನಿಜ. ಆದರೆ ದಶಕಗಳಿಂದ ನಡೆದುಬಂದ ರೂಢಿಯೇ ಒಂದು ಬಗೆಯ ಮಾತಾಗಿತ್ತು. ಮತ ಎಣಿಸಿದ ಶಾಯಿ ಒಣಗುವ ಮೊದಲೇ ವೇಗಸ್ ಸುದ್ದಿ ಬಂದಾಗ ಅವರ ಸಿಟ್ಟು ನೆತ್ತಿಗೇರಿತು.

ವೇಗಸ್ ಕಡೆಯವರ ವಾದ

ನಿರ್ಮಾಪಕರು ದುಡುಕಿದರೇ? ಅವರ ಕಡೆಯ ಲೆಕ್ಕವನ್ನೂ ನೋಡಬೇಕು. ತಿರುಗಾಟದ ನಾಟಕಗಳಿಗೆ ಸಿಗುವ ರಂಗಮಂದಿರಗಳು ದೈತ್ಯ ಗಾತ್ರದವು. ಎರಡು ಸಾವಿರ, ಎರಡೂವರೆ ಸಾವಿರ ಆಸನಗಳು ಸಾಮಾನ್ಯ. ಕೈಯಳತೆಯ ಗೊಂಬೆಯ ಮುಖಭಾವ ಕೊನೆಯ ಸಾಲಿನವನಿಗೆ ಕಾಣುವುದಾದರೂ ಹೇಗೆ? ಎಂಟುನೂರು ಜನರ ನಡುವೆ ಅರಳಿದ ಆಪ್ತತೆ ಅಲ್ಲಿ ಬಾಡಿಹೋದೀತೆಂಬ ಅಳುಕು ಸಹಜ. ಜೊತೆಗೆ ವಾರವಾರ ಗಂಟುಮೂಟೆ ಕಟ್ಟುವ ಖರ್ಚು, ನಟರ ದಣಿವು.

ಇತ್ತ ಸ್ಟೀವ್ ವಿನ್ ತಮ್ಮ ಹೋಟೆಲಿನಲ್ಲಿ ಈ ನಾಟಕಕ್ಕೆಂದೇ 1,200 ಆಸನಗಳ ಹೊಸ ರಂಗಮಂದಿರ ಕಟ್ಟಿಕೊಡಲು ಮುಂದೆ ಬಂದರು. ಒಂದೇ ಊರು, ಒಂದೇ ಮನೆ. ಪ್ರೇಕ್ಷಕರು ಮಾತ್ರ ದೇಶದ ಮೂಲೆಮೂಲೆಯಿಂದ ತಾವಾಗಿಯೇ ಬರುತ್ತಾರೆ. 2003ರಲ್ಲಿ ಅದೇ ನಗರದ ಇನ್ನೊಂದು ಹೋಟೆಲಿನಲ್ಲಿ ಆರಂಭವಾದ ‘ಮಮ್ಮ ಮಿಯಾ’ ಚೆನ್ನಾಗಿ ಓಡುತ್ತಿದ್ದುದೂ ಕಣ್ಣೆದುರಿಗಿತ್ತು. ಒಪ್ಪಂದದ ಷರತ್ತು ಒಂದೇ: ನಾಟಕ ಬೇರೆ ಊರುಗಳನ್ನು ಸುತ್ತಬಾರದು. ಬೇರೆಡೆ ನೋಡಲು ಸಿಗುವ ನಾಟಕಕ್ಕಾಗಿ ವೇಗಸ್‌ವರೆಗೆ ಯಾರು ಬರುತ್ತಾರೆ ಎಂಬುದು ಹೋಟೆಲಿನವರ ತರ್ಕ.

ಅಭಿಮಾನಿಗಳಲ್ಲಿ ಒಂದು ಪಂಗಡ ಇದನ್ನು ಒಪ್ಪಿತು. ನಾಟಕ ಧರ್ಮಛತ್ರವಲ್ಲ. ಹಣ ಹೂಡಿದವರಿಗೆ ಹಣ ಮರಳಬೇಕು, ನಟರಿಗೆ ಸಂಬಳ ಸಿಗಬೇಕು. ಒಂದೇ ಕಡೆ ನಿಂತು ವರ್ಷಗಟ್ಟಲೆ ಆಡಿದರೆ ಕಲಾವಿದನಿಗೂ ಸಂಸಾರ ಹೂಡಲು ಅನುಕೂಲ. ಗುಣ ಕೆಡಿಸಿಕೊಂಡು ಊರೂರು ಅಲೆಯುವುದಕ್ಕಿಂತ ತಕ್ಕ ಮನೆಯಲ್ಲಿ ನೆಲೆ ನಿಲ್ಲುವುದು ಮೇಲು. ಇನ್ನು ಪ್ರಶಸ್ತಿ ಕೊಟ್ಟವರ ಮಾತು: ನಾಟಕ ಚೆನ್ನಾಗಿದೆಯೆಂದು ಮತ ಕೊಟ್ಟರೇ, ತಮ್ಮೂರಿಗೆ ಬರಲೆಂದು ಲಂಚ ಕೊಟ್ಟರೇ? ಎರಡನೆಯದಾದರೆ ತಪ್ಪು ಕೊಟ್ಟವರದು, ಗೆದ್ದವರದಲ್ಲ. ಈ ಪ್ರಶ್ನೆ ಹರಿತವಾದದ್ದು. ಇದಕ್ಕೆ ಸುಲಭದ ಉತ್ತರವಿರಲಿಲ್ಲ.

ದೂರದೂರಿನ ಹುಡುಗಿ

ಇನ್ನೊಂದು ಪಂಗಡದ ಅಳಲು ಬೇರೆ. ಅಮೆರಿಕದ ನಡುಭಾಗದ ಅಯೋವಾ ರಾಜ್ಯದ ರಾಜಧಾನಿ ಡೆಮೊಯ್ನ್ ನಗರವನ್ನೇ ತೆಗೆದುಕೊಳ್ಳಿ. ಅಲ್ಲಿಂದ ನ್ಯೂಯಾರ್ಕಿಗೂ ಸಾವಿರ ಮೈಲಿಗಿಂತ ಹೆಚ್ಚು, ವೇಗಸ್‌ಗೂ ಸಾವಿರ ಮೈಲಿಗಿಂತ ಹೆಚ್ಚು. ಅಲ್ಲಿ ಎರಡೂವರೆ ಸಾವಿರಕ್ಕೂ ಮಿಕ್ಕ ಆಸನಗಳ ಸಭಾಗೃಹವಿದೆ. ತಿರುಗಾಟದ ನಾಟಕಗಳು ಅಲ್ಲಿಗೆ ಬರುತ್ತವೆ. ಅಂಥ ಊರಿನ ಹೈಸ್ಕೂಲು ಹುಡುಗಿಯೊಬ್ಬಳನ್ನು ಊಹಿಸಿಕೊಂಡರೆ ಸಾಕು. ಹಾಡುಗಳ ಸಿ.ಡಿ. ಕೊಂಡು ಸವೆಯುವಷ್ಟು ಕೇಳಿದ್ದಾಳೆ. ನ್ಯೂಯಾರ್ಕಿಗೆ ಹೋಗಿಬರಲು ಅಪ್ಪನ ಕೈಯಲ್ಲಿ ಹಣವಿಲ್ಲ. ವೇಗಸ್‌ಗೆ ಹೋಗೋಣವೆಂದರೆ ಅದು ಜೂಜಿನ ಊರು. 21 ತುಂಬದವರು ಜೂಜಾಡುವುದಿರಲಿ, ಜೂಜಿನ ಮೇಜುಗಳ ಬಳಿ ನಿಂತಿರುವುದಕ್ಕೂ ಅಲ್ಲಿನ ಕಾನೂನು ಬಿಡುವುದಿಲ್ಲ. ಮಗಳನ್ನು ನಾಟಕ ತೋರಿಸಲು ಕ್ಯಾಸಿನೊಗೆ ಕರೆದೊಯ್ಯುತ್ತೇನೆಂದು ಯಾವ ತಾಯಿ ಉತ್ಸಾಹದಿಂದ ಹೇಳಿಯಾಳು?

ಅಂದರೆ ಈ ನಾಟಕ ಯಾರ ಕುರಿತಾಗಿತ್ತೋ ಅವರಿಗೇ ದೂರವಾಯಿತು. ಕೆಲಸವಿಲ್ಲದ, ಕಾಸಿಲ್ಲದ ಹೊಸ ಪದವೀಧರನ ಕಥೆಯನ್ನು ನೋಡಲು ಕಾಸಿದ್ದವರೇ ಹೋಗಬೇಕಾಯಿತು.

ನೋವು ಹೆಚ್ಚಲು ಇನ್ನೊಂದು ಕಾರಣವಿತ್ತು. ನಿರ್ಮಾಪಕರಲ್ಲಿ ಕೆವಿನ್ ಮಕಾಲಮ್ ಮತ್ತು ಜೆಫ್ರಿ ಸೆಲ್ಲರ್ ಹಿಂದೆ ‘ರೆಂಟ್’ ಎಂಬ ನಾಟಕದಿಂದ ಹೆಸರಾದವರು. 1996ರಲ್ಲಿ ಅದರ ಮುಂದಿನ ಎರಡು ಸಾಲುಗಳನ್ನು ಅಂದಂದೇ, 20 ಡಾಲರಿಗೆ ಮಾರಿ, ವಿದ್ಯಾರ್ಥಿಗಳಿಗೂ ಬಡ ಕಲಾವಿದರಿಗೂ ಅತ್ಯುತ್ತಮ ಆಸನ ಸಿಗುವಂತೆ ಮಾಡಿದ್ದರು. ಅದೇ ವರ್ಷ ‘ರೆಂಟ್’ ತಿರುಗಾಟಕ್ಕೂ ಹೊರಟಿತ್ತು. ಪರಕೀಯನ ಪೆಟ್ಟಿಗಿಂತ ನಮ್ಮವನ ಪೆಟ್ಟು ಹೆಚ್ಚು ನೋಯುತ್ತದೆ. ಯುವಜನರಿಗೆ ರಂಗಮಂದಿರದ ಬಾಗಿಲು ತೆರೆದವರೇ ಈಗ ಬಾಗಿಲು ಹಾಕಿದರಲ್ಲ ಎಂಬುದು ಅಭಿಮಾನಿಗಳ ಕೊರಗು.

ಕಾಲ ಕೊಟ್ಟ ತೀರ್ಪು

2005ರ ಸೆಪ್ಟೆಂಬರಿನಲ್ಲಿ ವೇಗಸ್‌ನಲ್ಲಿ ‘ಅವೆನ್ಯೂ ಕ್ಯೂ’ ಅಧಿಕೃತವಾಗಿ ತೆರೆಯಿತು. ಲೆಕ್ಕ ತಪ್ಪಿದ್ದು ಬಹುಬೇಗ ತಿಳಿಯಿತು. ವೇಗಸ್‌ಗೆ ಬರುವವನು ನಾಟಕಕ್ಕೆಂದು ಬರುವವನಲ್ಲ. ನಾಟಕ ಅವನ ರಾತ್ರಿಯ ಒಂದು ತುಣುಕು ಮಾತ್ರ. ಅಲ್ಲಿನ ಪ್ರದರ್ಶನಗಳಿಗೆ ಒಂದೂವರೆ ಗಂಟೆಯ ಮಿತಿ ರೂಢಿ. ‘ಮಮ್ಮ ಮಿಯಾ’ದ ಹಾಡುಗಳು ಆಗಲೇ ಲೋಕದ ಬಾಯಲ್ಲಿದ್ದವು. ‘ಅವೆನ್ಯೂ ಕ್ಯೂ’ ಹೆಸರು ಕೇಳದ ಪ್ರವಾಸಿಗೆ ಫಲಕದ ಮೇಲಿನ ಗೊಂಬೆ ಕಂಡರೆ ಮಕ್ಕಳಾಟವಿರಬೇಕೆಂಬ ಭ್ರಮೆ. ಎಂಟುನೂರು ಆಸನಗಳು ತುಂಬುತ್ತಿದ್ದ ನಾಟಕಕ್ಕೆ ಅಲ್ಲಿ 1,200 ತುಂಬಿಸುವುದು ದುಸ್ತರವಾಯಿತು. ಮಧ್ಯಂತರ ತೆಗೆದುಹಾಕಿ, ಕತ್ತರಿ ಆಡಿಸಿ ಒಂದೂವರೆ ಗಂಟೆಗೆ ಇಳಿಸಿದ್ದೂ ಆಯಿತು. ಆಪ್ತತೆ ಉಳಿಸಲೆಂದು ತಿರುಗಾಟ ಬಿಟ್ಟ ನಾಟಕ ಕೊನೆಗೆ ತನ್ನ ಮೈಯನ್ನೇ ಕೊಯ್ದುಕೊಳ್ಳಬೇಕಾಯಿತು. 2006ರ ಮೇ 28ರಂದು ಪರದೆ ಬಿತ್ತು. ಅಧಿಕೃತವಾಗಿ ತೆರೆದು ಒಂಬತ್ತು ತಿಂಗಳೂ ತುಂಬಿರಲಿಲ್ಲ.

ಅತ್ತ ಸೋತ ‘ವಿಕೆಡ್’ ಏನು ಮಾಡಿತು? 2005ರ ಮಾರ್ಚಿಯಲ್ಲಿ ಟೊರಾಂಟೊದಿಂದ ತಿರುಗಾಟ ಹೊರಟಿತು. ಊರೂರಲ್ಲಿ ಜನ ಮುಗಿಬಿದ್ದರು. ಪ್ರಶಸ್ತಿ ಕೈತಪ್ಪಿದ್ದು ಅದರ ಓಟಕ್ಕೆ ಅಡ್ಡಿಯಾಗಲಿಲ್ಲ. ಎರಡು ದಶಕ ದಾಟಿದರೂ ಬ್ರಾಡ್‌ವೇಯಲ್ಲಿ ಅದರ ಪ್ರದರ್ಶನ ನಿಂತಿಲ್ಲ.

ವೇಗಸ್‌ನ ಅದೇ ರಂಗಮಂದಿರಕ್ಕೆ 2007ರಲ್ಲಿ ಬಂದದ್ದು 2005ರ ಟೋನಿ ವಿಜೇತ ‘ಸ್ಪ್ಯಾಮಲಾಟ್’. ಅದು 2006ರಲ್ಲಿಯೇ ತಿರುಗಾಟವನ್ನೂ ಆರಂಭಿಸಿತ್ತು. ಒಂದನ್ನು ಹಿಡಿಯಲು ಇನ್ನೊಂದನ್ನು ಪೂರಾ ಬಿಡಬೇಕಿಲ್ಲ ಎಂಬ ಪಾಠವನ್ನು ಮುಂದಿನವರು ಕಲಿತಿದ್ದರೆಂದು ಕಾಣುತ್ತದೆ.

ಹಾಗಾದರೆ ಸಿಟ್ಟಾದ ಅಭಿಮಾನಿಗಳು ಹೇಳಿದ್ದೇ ಸರಿಯಾಯಿತೇ? ಪೂರ್ತಿ ಹಾಗೆನ್ನಲೂ ಬರುವುದಿಲ್ಲ. ತಿರುಗಾಟ ಬಿಟ್ಟರೆ ನಾಟಕ ಸಾಯುತ್ತದೆಂದು ನುಡಿದವರ ಭವಿಷ್ಯ ಸುಳ್ಳಾಯಿತು. ನ್ಯೂಯಾರ್ಕಿನ ಆ ಸಣ್ಣ ಮನೆಯಲ್ಲಿ ‘ಅವೆನ್ಯೂ ಕ್ಯೂ’ ಒಟ್ಟು 2,534 ಪ್ರದರ್ಶನ ಕಂಡಿತು. 2009ರ ಸೆಪ್ಟೆಂಬರ್ 13ರಂದು ಅಲ್ಲಿ ಮಂಗಳ ಹಾಡಿದ ರಾತ್ರಿ ಇನ್ನೊಂದು ಅಚ್ಚರಿಯನ್ನು ಘೋಷಿಸಲಾಯಿತು: ನಾಟಕ ಮುಗಿಯುತ್ತಿಲ್ಲ, ಇನ್ನೂ ಚಿಕ್ಕ ಮನೆಗೆ ಹೋಗುತ್ತಿದೆ! ಅಕ್ಟೋಬರಿನಲ್ಲಿ ನ್ಯೂ ವರ್ಲ್ಡ್ ಸ್ಟೇಜಸ್‌ನ 499 ಆಸನಗಳ ರಂಗಮಂದಿರದಲ್ಲಿ ಮತ್ತೆ ತೆರೆದು 2019ರ ಮೇ 26ರವರೆಗೆ, ಹೆಚ್ಚೂಕಡಿಮೆ ಹತ್ತು ವರ್ಷ ಆಡಿತು. ಶಾಲೆಗಳಲ್ಲಿ ಆಡಲು ತಕ್ಕಂತೆ ತಿದ್ದಿದ ಆವೃತ್ತಿಯೂ ಹೊರಬಂತು.

ಎಂಟುನೂರರಲ್ಲಿ ಬೆಳೆದು, ಹನ್ನೆರಡು ನೂರರಲ್ಲಿ ಎಡವಿ, ಐನೂರಕ್ಕೆ ಇಳಿದು ಹತ್ತು ವರ್ಷ ಬಾಳಿದ ನಾಟಕವಿದು. ದೊಡ್ಡ ಮನೆ ಎಂದರೆ ತಕ್ಕ ಮನೆ ಎಂದೇನೂ ಅಲ್ಲ. ಸಂಬಳದ ಅಂಕಿ ನೋಡಿ ಕೆಲಸ ಆರಿಸುವ, ಕಟ್ಟಡದ ಎತ್ತರ ನೋಡಿ ಕಾಲೇಜು ಆರಿಸುವ ಮನೆಗಳಲ್ಲಿ ಈ ಮೂರು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟರೂ ನಷ್ಟವಿಲ್ಲ.

ತಿದ್ದಿಕೊಂಡ ಹೆಜ್ಜೆ

ಈ ಪ್ರಸಂಗದಲ್ಲಿ ಮೆಚ್ಚಬೇಕಾದ ಸಂಗತಿ ಇನ್ನೊಂದಿದೆ. ವೇಗಸ್ ಕೈಕೊಟ್ಟ ಮೇಲೆ ನಿರ್ಮಾಪಕರು ಮುಖ ಮುಚ್ಚಿಕೊಂಡು ಕೂರಲಿಲ್ಲ. ಬಿಟ್ಟ ದಾರಿಗೇ ಮರಳಿದರು. 2007ರ ಬೇಸಿಗೆಯಲ್ಲಿ ಸ್ಯಾನ್ ಡಿಯಾಗೋ ನಗರದಿಂದ ‘ಅವೆನ್ಯೂ ಕ್ಯೂ’ ತಿರುಗಾಟ ಹೊರಟಿತು. ಮುನಿಸಿಕೊಂಡಿದ್ದ ಸಂಘಟಕರೂ ವ್ಯಾಪಾರಸ್ಥರೇ. ಹಳೆಯ ಸಿಟ್ಟನ್ನು ಮಡಿಸಿಟ್ಟು ಬಾಗಿಲು ತೆರೆದರು. ದೊಡ್ಡ ಸಭಾಗೃಹಗಳಲ್ಲಿ ಗೊಂಬೆಗಳು ಕಾಣಲಾರವೆಂಬ ಹಳೆಯ ಅಳುಕು ತಿರುಗಾಟವನ್ನು ತಡೆಯಲಿಲ್ಲ. ತಂಡ ವರ್ಷಗಟ್ಟಲೆ ಊರೂರು ಆಡಿತು.

ಹಕ್ಕಿನ ಪ್ರಶ್ನೆಗೆ ಈಗ ಉತ್ತರ ಹುಡುಕಬಹುದು. ಕಾಗದದ ಮೇಲೆ ನಾಟಕ ನಿರ್ಮಾಪಕನದೇ. ಎಲ್ಲಿ ಆಡಬೇಕೆಂಬ ತೀರ್ಮಾನವೂ ಅವನದೇ. ಅದನ್ನು ಅಭಿಮಾನಿಯ ಕೂಗು ಬದಲಿಸಬೇಕಿಲ್ಲ. ಆದರೆ ಆ ಕೂಗು ಬರಿಯ ಹಠವೂ ಆಗಿರಲಿಲ್ಲ. ಈ ನಾಟಕವನ್ನು ಮೆಚ್ಚುವವರು ಯಾರು, ಎಲ್ಲಿದ್ದಾರೆ ಎಂಬ ಮಾಹಿತಿ ಅದರಲ್ಲಿ ಅಡಗಿತ್ತು. ದೂರದೂರಿನಿಂದ ‘ನಮ್ಮಲ್ಲಿಗೂ ಬನ್ನಿ’ ಎಂದು ಕರೆದವರೇ ಅದರ ನಿಜವಾದ ಪ್ರೇಕ್ಷಕರು. ಕ್ಯಾಸಿನೊದ ಪಡಸಾಲೆಯಲ್ಲಿ ನಡೆದುಹೋಗುವ ಪ್ರವಾಸಿ ಕರೆದಿರಲಿಲ್ಲ. ಕರೆದವರನ್ನು ಬಿಟ್ಟು ಕರೆಯದವರ ಮನೆಗೆ ಹೋದದ್ದೇ ಲೆಕ್ಕ ತಪ್ಪಿದ ಜಾಗ.

ಮಕ್ಕಳ ಮುಂದಿನ ದಾರಿಯ ಬಗ್ಗೆ ಮನೆಯಲ್ಲಿ ಮಾತು ನಡೆಯುವಾಗಲೂ ಇಂಥ ಎರಡು ದನಿಗಳಿರುತ್ತವೆ. ಒಂದು ಲೆಕ್ಕದ ದನಿ, ಒಂದು ಮನಸ್ಸಿನ ದನಿ. ತೀರ್ಮಾನ ಯಾರದೇ ಆಗಲಿ, ಇನ್ನೊಂದು ದನಿ ಏನು ಹೇಳುತ್ತಿದೆಯೆಂದು ಮೊದಲೇ ಕೇಳಿಸಿಕೊಂಡರೆ ಎಷ್ಟೋ ವರ್ಷ ಉಳಿಯುತ್ತದೆ. ಕೇಳಿಸಿಕೊಳ್ಳದೆ ಎಡವಿದರೂ ಹಿಂದಿರುಗುವ ದಾರಿ ಮುಚ್ಚಿರುವುದಿಲ್ಲ.

ಈ ಸಮಾಧಾನದಲ್ಲಿ ಒಂದು ಸಣ್ಣ ಸೊಗಸೂ ಸೇರಿದೆ. 2004ರಲ್ಲಿ ನಾಟಕ ತಮ್ಮೂರಿಗೆ ಬರುವುದಿಲ್ಲವೆಂದು ಮುಖ ಸಣ್ಣಗೆ ಮಾಡಿಕೊಂಡ ಹುಡುಗ ಹುಡುಗಿಯರು ಆಗಷ್ಟೇ ಹೈಸ್ಕೂಲು ಮುಗಿಸಿದ್ದರೆ, ಗೊಂಬೆಗಳನ್ನು ಹೊತ್ತ ತಂಡ ಊರೂರು ಅಲೆಯುತ್ತಿದ್ದ 2008ರ ಹೊತ್ತಿಗೆ ಅವರ ಕೈಗೆ ಪದವಿ ಬಂದಿರುತ್ತದೆ. ಪದವಿ ಬಂತು, ಮುಂದೇನು ಎಂಬ ಪ್ರಿನ್ಸ್‌ಟನ್‌ನ ಪ್ರಶ್ನೆ ಆಗ ಅವರಿಗೆ ರಂಗದ ಮೇಲಿನ ತಮಾಷೆಯಾಗಿ ಉಳಿದಿರಲಾರದು. ಅದು ಅವರದೇ ಪ್ರಶ್ನೆಯಾಗಿರುತ್ತದೆ.